ಹೂಂ ಇಲ್ಲದ ಕಟ್ಟೆ

ಕಣಗಿನಹಾಳಿನ ಪಡುವಣ ಬಯಲಿನಲ್ಲಿ, ಹಳೆಯ ಹುತ್ತವೊಂದರ ಪಕ್ಕದಲ್ಲಿ, ಮೂರು ಮೆಟ್ಟಿಲಿನ ಕಲ್ಲುಕಟ್ಟೆಯಿದೆ. ಅದರ ಹೆಸರು ‘ಹೂಂ ಇಲ್ಲದ ಕಟ್ಟೆ’. ಕೆಲವರು ‘ಹೂವಿಲ್ಲದ ಕಟ್ಟೆ’ ಎಂದು ಬರೆಯುತ್ತಾರೆ. ಅದು ತಪ್ಪು.

ಹಿಂದೆ ಒಮ್ಮೆ, ಮಾಘ ಮಾಸದಲ್ಲಿ, ಹೊತ್ತು ಮುಳುಗಲು ಎರಡು ಗಳಿಗೆಯಿರುವಾಗ, ಒಣಗಾಳಿ ಬೀಸುತ್ತಿರಲು, ಇಲ್ಲಿ ಊರು ಸೇರಿತ್ತು ಎನ್ನುತ್ತಾರೆ. ಇದ್ದವರು ಗೌಡ, ಅವನ ಮಗ, ಊರ ಹಿರಿಯರು, ಕಿನ್ನರಿ ನುಡಿಸಿ ಕಥೆ ಹೇಳುವ ಜೋಗಿ ಕರಿನಾಥ ಮತ್ತು ಗೌಡನ ಬೀಗಿತಿ ಹಂಪಮ್ಮ. ಹಂಪಮ್ಮನ ಮಗಳು ಹೊನ್ನವ್ವ ಗೌಡನ ಸೊಸೆ. ಒಂಬತ್ತು ದಿನಗಳಿಂದ ಕಾಣೆಯಾಗಿದ್ದಳು. ಹುತ್ತ ಬಾಯ್ತೆರೆದು ಅವಳನ್ನು ಒಳಗೆ ಕರೆದುಕೊಂಡಿತೆಂದು ಗೌಡನ ಮನೆಯವರು ಸಾರಿದ್ದರು. ಹುತ್ತ ಸೇರಿ ದೇವಿಯಾದ ಹೆಣ್ಣಿನ ಹಳೆಯ ಕಥೆಯೊಂದು ಕರಿನಾಥನ ಬಾಯಲ್ಲಿತ್ತು. ಅದಕ್ಕೆ ಹೊನ್ನವ್ವನ ಹೆಸರು ಹೊಂದಿಸಿ ಹೇಳಿದರೆ ಏಳು ಊರುಗಳಲ್ಲಿ ಕಥೆ ಹೇಳುವ ಹಕ್ಕು ಅವನ ವಂಶಕ್ಕೆಂದು ಗೌಡ ಮಾತು ಕೊಟ್ಟಿದ್ದ. ಗೌಡನ ಹಿತ್ತಿಲಿನಲ್ಲಿ, ನೆಲ ತೋಡಿ ಕಾಳು ತುಂಬಿಡುವ ಹಗೇವಿಗೆ ಹೊಸ ಮಣ್ಣು ಮುಚ್ಚಿದ್ದನ್ನು ಕರಿನಾಥ ಕಂಡಿದ್ದ. ಕಂಡೂ ಒಪ್ಪಿದ್ದ.

ಆ ಸೀಮೆಯ ಕಟ್ಟಳೆ ಹೀಗಿತ್ತು: ಮನೆಯ ಹೆಣ್ಣಿನ ಕಥೆಗೆ ಅವಳ ತವರಿನವರೇ ಹೂಂಗುಟ್ಟಬೇಕು, ಹೂಂ ಬಾರದೆ ಮುಂದಿನ ಸಾಲಿಗೆ ಹೋಗುವಂತಿಲ್ಲ, ಕೊನೆಯ ಹೂಂ ಬಿದ್ದ ಮೇಲೆ ಕಥೆಯೇ ಸಾಕ್ಷಿ. ಕರಿನಾಥ ಹೊನ್ನವ್ವ ಹುಟ್ಟಿದ್ದನ್ನು ಹೇಳಿದ. ಹಂಪಮ್ಮ ಹೂಂ ಎಂದಳು. ಮದುವೆಯಾದದ್ದನ್ನು ಹೇಳಿದ. ಹೂಂ ಎಂದಳು. “ಹುತ್ತ ಬಾಯ್ತೆರೆಯಿತು, ಹೊನ್ನವ್ವ ನಗುತ್ತಾ ಇಳಿದಳು” ಎಂದ. ಹೂಂ ಬರಲಿಲ್ಲ. ಮತ್ತೆ ಹೇಳಿದ. ಬರಲಿಲ್ಲ.

“ಹೂಂ ಅನ್ನು ಬೀಗಿತಿ, ಮಗಳು ದೇವರಾಗ್ತಾಳೆ. ನಿಮ್ಮ ವಂಶದಾಗೆ ಯಾರಿಗೈತೆ ಈ ಭಾಗ್ಯ?” ಎಂದು ಗೌಡ ನಕ್ಕ.

“ಅಷ್ಟು ದೊಡ್ಡ ಭಾಗ್ಯಾನ ನಿನ್ನ ಮಗಳಿಗೇ ಇಟ್ಕೋಬೇಕಿತ್ತು, ಬೀಗ” ಎಂದಳು ಹಂಪಮ್ಮ. ಬಳಿಕ ಕಥೆಗಾರನತ್ತ ತಿರುಗಿದಳು. “ಜೋಗಯ್ಯ, ನಾನು ಹೆಣ ಕೇಳಾಕೆ ಬಂದೋಳು. ಗುಡಿ ಕೊಟ್ಟು ಕಳಿಸ್ತೀಯಾ?”

ಕರಿನಾಥನ ಬೆರಳು ತಂತಿಯ ಮೇಲೆ ನಿಂತಿತು. ಮೂರನೆಯ ಸಲ ಆ ಸಾಲನ್ನು ಅವನು ಹೇಳಲಿಲ್ಲ. ಕಿನ್ನರಿಯನ್ನು ಕೆಳಗಿಟ್ಟು ಕಟ್ಟೆಯಿಳಿದ. ಏಳು ಊರುಗಳ ಹಕ್ಕು ಅಂದೇ ಹೋಯಿತು. ಕಥೆ ಹೇಳಲೆಂದು ಅವನ ವಂಶದವರಿಗೆ ಆ ಊರುಗಳಲ್ಲಿ ಇಂದಿಗೂ ಯಾರೂ ಚಾಪೆ ಹಾಸುವುದಿಲ್ಲ. ಗೌಡನ ಮನೆಗೆ ಯಾವ ದಂಡವೂ ಬೀಳಲಿಲ್ಲ.

ಇಂದು ಹೋದವರಿಗೆ ಕಟ್ಟೆಯ ಮೇಲೆ, ಹೊನ್ನವ್ವನನ್ನು ದೇವಿಯೆಂದು ಕೆತ್ತತೊಡಗಿ ಅರ್ಧಕ್ಕೇ ಬಿಟ್ಟ ಆಳೆತ್ತರದ ಒಂದು ಕಲ್ಲು ಕಾಣುತ್ತದೆ. ಪಾದಗಳಿವೆ, ಸೀರೆಯ ನಿರಿಗೆಯಿದೆ, ಮುಖ ಕೆತ್ತಿಲ್ಲ. ಏಕೆಂದು ಕೇಳಿದರೆ, ಅಂದು ಕರಿನಾಥ ಗೌಡನ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ ಮಾತನ್ನೇ ಊರಿನವರು ಹೇಳುತ್ತಾರೆ:

“ಹೊನ್ನವ್ವ ದೇವರಾಗಿಲ್ಲ. ಅವಳನ್ನ ಕೊಂದಾರೆ.”