ಕೆನ್ನೆಗೆ ಒತ್ತದ ಮಡಕೆ

"ಗುರುಗಳೇ, ಬುದ್ಧಿ ಹೇಳಲು ಬರುವವನ ಬಗ್ಗೆ ಎಚ್ಚರವಾಗಿರು, ಅವನಿಗೇನು ಬೇಕಾಗಿದೆ ಎಂದು ಮೊದಲು ತಿಳಿದುಕೋ ಅಂತ ಬೈಬಲಿನಲ್ಲೇ ಇದೆಯಲ್ಲ. ಹಾಗಾದರೆ ಕೇಳದೆ ಬುದ್ಧಿ ಹೇಳುವವರಿಗೆ ನಾನು ಕಿವಿ ಕೊಡಬೇಕಾಗಿಲ್ಲ ತಾನೇ?" ಎಂದು ಶಿಷ್ಯನೊಬ್ಬ ಕೇಳಿದ.

ಅಂದು ಊಟದ ಹೊತ್ತಿನಲ್ಲಿ ಅವನು ಅಡುಗೆಯ ಸಾರಮ್ಮ ತೊದಲುವುದನ್ನು ಅವರೆದುರೇ ಅಣಕಿಸಿ ಪಂಕ್ತಿಯನ್ನೆಲ್ಲ ನಗಿಸಿದ್ದ. ಸಾರಮ್ಮ ಸೌಟು ಕೆಳಗಿಟ್ಟು ಒಳಗೆ ಹೋಗಿದ್ದರು. ಜೊತೆಗಾರ ಎಲೀಷ ಮಾತ್ರ, "ಹೋಗಿ ತಪ್ಪಾಯಿತು ಅನ್ನು" ಎಂದಿದ್ದ.

"ನಿನಗೆ ಬುದ್ಧಿ ಹೇಳಿದವರು ಯಾರಪ್ಪ?" ಎಂದರು ಗುರುಗಳು.

"ಎಲೀಷ. ಅವನು ಜೋಕು ಹೇಳಿದರೆ ಬೆಕ್ಕೂ ಎದ್ದು ಹೋಗುತ್ತದೆ. ಅದಕ್ಕೇ ನನ್ನ ಮೇಲೆ ಹೊಟ್ಟೆಕಿಚ್ಚು. ಜೊತೆಗೆ ನಿಮ್ಮೆದುರು ಒಳ್ಳೆಯವನಾಗುವ ಆಸೆ."

ಗುರುಗಳು ಒಂದು ಕತೆ ಹೇಳಿದರು.

ಇಬ್ಬರು ಕುಂಬಾರರಿದ್ದರು. ಮಡಕೆ ಸುಡುವ ಆವಿಗೆ ಇಬ್ಬರಿಗೂ ಸೇರಿ ಒಂದೇ. ಒಬ್ಬ ಬಿಟ್ಟರೆ ಇನ್ನೊಬ್ಬನ ಸರದಿ. ಮೊದಲನೆಯವನು ಮದುವೆ ಮನೆಗೆ ಮಡಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಅವನು ಬೆಂಕಿ ಹಾಕುವ ಹೊತ್ತಿಗೆ ಎರಡನೆಯವನು ಬಂದ.

"ಇವತ್ತು ಬೇಡ ಮಾರಾಯ. ನಿನ್ನ ಮಡಕೆ ಇನ್ನೂ ಆರಿಲ್ಲ."

"ನಾನು ಬಿಟ್ಟರೆ ಸರದಿ ನಿನಗೆ ಬರುತ್ತದೆ, ಅಲ್ಲವೇ?"

"ಬರುತ್ತದೆ. ನನಗೆ ಬೇಕು ಕೂಡ. ಆದರೆ ಮಡಕೆ ಆರಿಲ್ಲ."

ಕುಂಬಾರರು ಮಡಕೆಯ ತಳವನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ತಣ್ಣಗಿದ್ದರೆ ಒಳಗೆ ಇನ್ನೂ ಹಸಿ ಇದೆ ಎಂದು ಅರ್ಥ. ಮಡಕೆ ಮೊದಲನೆಯವನ ಕೈಯಲ್ಲೇ ಇತ್ತು. ಅವನು ಒತ್ತಿ ನೋಡಲಿಲ್ಲ. ನೋಡಿದರೆ ಎರಡನೆಯವನ ಮಾತು ಕೇಳಿದಂತಾಗುತ್ತಿತ್ತು. ಬೆಂಕಿ ಹಾಕಿದ. ಕಾವು ಏರುತ್ತಿದ್ದಂತೆ ಒಳಗೆ ಮಡಕೆಗಳು ಒಂದೊಂದಾಗಿ ಸಿಡಿಯತೊಡಗಿದವು.

ಮದುವೆ ಮನೆಯ ಗಾಡಿ ಬಂದಾಗ ಅವನ ಬಳಿ ಇದ್ದದ್ದು ಬರೀ ಚೂರು. ಎರಡನೆಯವನು ಮೊದಲೇ ಸುಟ್ಟು ಮನೆಯಲ್ಲಿಟ್ಟಿದ್ದ ತನ್ನ ಮಡಕೆಗಳನ್ನು ತಂದು ಗಾಡಿ ತುಂಬಿಸಿದ. ಮೊದಲನೆಯವನು ಬೂದಿ ಕೆದಕುತ್ತ ಕುಳಿತ. ಗಾಡಿ ಹೋದ ಮೇಲೂ ತಲೆ ಎತ್ತಲಿಲ್ಲ.

ಶಿಷ್ಯ ನಕ್ಕ. "ನೋಡಿದಿರಾ ಗುರುಗಳೇ, ಸರದಿಯ ಆಸೆ ಆ ಎರಡನೆಯವನಿಗೆ ಇದ್ದೇ ಇತ್ತು. ವ್ಯಾಪಾರವೂ ಅವನದೇ ಆಯಿತು. ಭಾರೀ ಆಸಾಮಿ."

ಒಳಗೆ ಸಾರಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಎಲೀಷನಿಗೆ ಏನು ಬೇಕಾಗಿದೆ ಅಂತ ಹೇಳಿದೆ, ಅವನು ಏನು ಹೇಳಿದ ಅಂತ ನೀನಿನ್ನೂ ಹೇಳಲಿಲ್ಲ" ಎಂದರು ಗುರುಗಳು.

ಶಿಷ್ಯ ಬಾಯಿ ತೆರೆದ. ಮಾತು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು.