ಸೌಟು ಮುಟ್ಟದ ಶಿಷ್ಯ

ಹೊಳೆದಂಡೆಯ ಮಠದಲ್ಲಿ ಸಂಗೀತ ಕಲಿಯುತ್ತಿದ್ದ ಫಕ್ಕೀರೇಶ ಇದ್ದಕ್ಕಿದ್ದಂತೆ ದಾಸೋಹದಲ್ಲಿ ಬಡಿಸುವುದನ್ನು ಬಿಟ್ಟ. ಪಂಕ್ತಿಯಲ್ಲಿ ಕೂರುವುದನ್ನೂ ಬಿಟ್ಟ. ಮೂಲೆಯಲ್ಲಿ ಒಬ್ಬನೇ ಉಂಡು, ತಟ್ಟೆಗೆ ಬೂದಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಯಾಕೋ ಎಂದರೆ ಬಾಯಿ ಬಿಡಲೊಲ್ಲ.

ಒಂದು ಮಧ್ಯಾಹ್ನ ಮಠದ ಗುರು ಗುರುಪಾದಜ್ಜನವರು ತಾವೇ ಆ ಮೂಲೆಗೆ ಬಂದು ಅವನೆದುರು ಕೂತರು.

ಶಿಷ್ಯ ತಲೆ ತಗ್ಗಿಸಿಯೇ ಎಲ್ಲ ಹೇಳಿದ. ಭಜನೆಗೆಂದು ಹೋಗುತ್ತಿದ್ದ ಆಚೆ ದಡದ ಊರಲ್ಲಿ ಒಬ್ಬಾಕೆಯ ಸ್ನೇಹವಾಗಿತ್ತು. ಇಬ್ಬರೂ ಮನಸಾರೆ ಕೂಡಿದ್ದರು. ಕಾಂಡೋಮ್ ಹಾಕಿದ್ದ, ಅದು ಹರಿದೂ ಇರಲಿಲ್ಲ. ಆದರೂ ಮರುದಿನದಿಂದ ಎಚ್‌ಐವಿ ಭಯ ಬೆನ್ನು ಹತ್ತಿತು. ಅದನ್ನು ಆಕೆಗೂ ಹೇಳಿ, ಆ ಊರಿಗೆ ಹೋಗುವುದನ್ನೇ ಬಿಟ್ಟ. ದೊಡ್ಡಾಸ್ಪತ್ರೆಯ ಡಾಕ್ಟರು ಸೋಂಕಿದ್ದರೆ ರಕ್ತದಲ್ಲಿ ಕಾಣಲು ಬೇಕಾದಷ್ಟು ದಿನ ಕಾಯಿಸಿ, ರಕ್ತ ನೋಡಿ, ಏನೂ ಇಲ್ಲ, ಇನ್ನು ಪರೀಕ್ಷೆ ಬೇಡ ಎಂದರು. ಇವನು ಬೇರೆ ಊರಿಗೆ ಹೋಗಿ ಮತ್ತೆ ರಕ್ತ ಕೊಟ್ಟ. ಅಲ್ಲೂ ಏನಿಲ್ಲ. ಹುಚ್ಚು ಮನಸ್ಸು, ಹೇಳಿದರೆ ಕೇಳಬೇಕಲ್ಲ!

"ಮಠ ಬಿಟ್ಟು ಹೋಗ್ತೀನ್ರಿ ಅಜ್ಜಾರ. ನನ್ನ ಕೈಯಿಂದ ಯಾರಿಗೂ ಕೇಡಾಗಬಾರದು."

ಅಜ್ಜನವರು ಅವನ ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿ ಚೂರನ್ನು ಎತ್ತಿ ಬಾಯಿಗಿಟ್ಟುಕೊಂಡರು. ಗುರು ಶಿಷ್ಯನ ಎಂಜಲು ತಿನ್ನುವುದುಂಟೇ! ಫಕ್ಕೀರೇಶ ಗಾಬರಿಯಾಗಿ ಎದ್ದು ನಿಂತ.

"ಕೂಡು. ಆ ರೋಗ ಇದ್ದವರ ಎಂಜಲಾ ತಿಂದರೂ ಅದು ಬರೂದಿಲ್ಲ. ನಿನಗಂತೂ ಅದು ಇಲ್ಲೇ ಇಲ್ಲ."

ಸಾವಕಾಶ ಅಗಿದು ನುಂಗಿ, ಕಾಂಡೋಮ್ ತಂದವನು ನೀನೇ ಏನು ಎಂದು ಕೇಳಿದರು.

"ಇಲ್ರಿ. ನನಗ ಅದರ ನೆನಪ ಇರಲಿಲ್ಲ. ಆಕಿನ ಕೊಟ್ಟಳು. ಇದಿಲ್ಲದ ಬ್ಯಾಡ ಅಂದಳು."

ಅಜ್ಜನವರು ಆಚೆ ದಡಕ್ಕೆ ತಿರುಗಿ ಕೈ ಮುಗಿದರು.

ಅದನ್ನು ನೋಡಿ ಫಕ್ಕೀರೇಶನ ಕಣ್ಣು ತುಂಬಿ ಬಂತು. ಇಷ್ಟು ದಿನ ಆಕೆಯ ನೆನಪಾದರೆ ಮೈ ಬೆವರುತ್ತಿತ್ತು. ಕಾಯ್ದವಳನ್ನೇ ಮಾರಿ ಎಂದು ತಿಳಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಎದೆ ಹಗುರಾಯಿತು. ಅವನೂ ಕೈ ಮುಗಿದ.

"ದೊಡ್ಡ ಉಪಕಾರ ಮಾಡ್ಯಾಳ್ರಿ ಆಕಿ," ಎಂದ. ಸಂಜೆ ದಾಸೋಹಕ್ಕೆ ತಾನೇ ಬಡಿಸುವುದಾಗಿ ಹೇಳಿದ.

"ಬಡಿಸು. ಅದಕ್ಕೂ ಮೊದಲ ಹೊಳೆ ದಾಟಿ ಬಾ. ನಿನಗೇನೂ ಇಲ್ಲ ಅಂತ ಆಕಿಗೆ ಹೇಳಿದಿ ಏನು? ಆಕಿನೂ ನಿದ್ದಿ ಮಾಡಬೇಕಲ್ಲೋ, ತಮ್ಮಾ."