ಮರಕುಟಿಗನ ಮೂರನೆಯ ಅರ್ಜಿ

ಗೂಡು ಕಟ್ಟುವ ಮುಂಚೆ ಮರ ಗಟ್ಟಿಯೋ ಟೊಳ್ಳೋ ಎಂದು ಹಕ್ಕಿಗಳೆಲ್ಲ ಮರಕುಟಿಗನನ್ನು ಕೇಳುತ್ತಿದ್ದವು. ಅವನು ನಾಲ್ಕು ಸಲ ಕುಟ್ಟಿ ಹೇಳಿಬಿಡುತ್ತಿದ್ದ, ಒಮ್ಮೆಯೂ ತಪ್ಪಿರಲಿಲ್ಲ. ಹೀಗಿರುವಾಗ ಕಾಡಿನಲ್ಲಿ ಹೊಸ ನಿಯಮ ಬಂತು. ಮಾನ್ಯತೆ ಪಡೆದ ಮೌಲ್ಯಮಾಪಕರು ಮಾತ್ರ ಮರದ ಯೋಗ್ಯತೆ ಹೇಳಬೇಕು. ಮಾನ್ಯತೆ ಕೊಡುವ ಅಧಿಕಾರ ಗೆದ್ದಲಿನದು.

ಮರಕುಟಿಗ ಮೂರನೆಯ ಸಲ ಗೆದ್ದಲಿನ ಕಚೇರಿಯಿದ್ದ ಹೊನ್ನೆ ಮರಕ್ಕೆ ಬಂದ. ಅಂದೇ ಮೊಟ್ಟೆಯಿಡಬೇಕಿದ್ದ ಗೊರವಂಕ ಹಕ್ಕಿಯೂ ಜೊತೆಗಿದ್ದಳು.

"ನನ್ನ ಅರ್ಜಿ ಏನಾಯಿತು, ಸ್ವಾಮಿ?"

"ಪರಿಶೀಲನೆಯಲ್ಲಿದೆ," ಎಂದಿತು ಗೆದ್ದಲು. ಅರ್ಜಿಯ ಕೊನೆಯ ತುಂಡು ಅದರ ಬಾಯಲ್ಲಿತ್ತು.

"ಅದನ್ನು ತಿನ್ನುತ್ತಿದ್ದೀರಲ್ಲ!"

"ಇನ್ನೊಂದು ಪ್ರತಿ ಕೊಡು. ಆಮೇಲೆ ನನ್ನ ಕೈಕೆಳಗೆ ಎರಡು ವರ್ಷ ತರಬೇತಿ. ಅಲ್ಲಿಯವರೆಗೆ ಯಾವ ಮರಕ್ಕೂ ಕೊಕ್ಕು ತಾಗಿಸಕೂಡದು."

"ಕುಟ್ಟದೆ ಮರದ ಒಳಗು ತಿಳಿಯುವುದು ಹೇಗೆ?"

"ಒಳಗಿರುವವನು ನಾನು, ನನಗೆ ತಿಳಿಯದೇ? ಈ ಮರ ಉತ್ತಮವೆಂದು ನಾನೇ ಮುದ್ರೆ ಒತ್ತಿದ್ದೇನೆ. ನೀನು ಇಲ್ಲೇ ಮೊಟ್ಟೆಯಿಡಮ್ಮ."

ಗೊರವಂಕ ಮರಕುಟಿಗನ ಮುಖ ನೋಡಿದಳು. "ಮುದ್ರೆಯಂತೂ ಇದೆ, ಅಣ್ಣಾ. ಇಡಲೇ?"

ಮರಕುಟಿಗನಿಗೆ ತಡೆಯಲಾಗಲಿಲ್ಲ. ಒಂದೇ ಏಟು ಕುಟ್ಟಿದ. ಮುದ್ರೆಯಿದ್ದ ತೊಗಟೆ ಕಳಚಿ ಬಿತ್ತು. ಒಳಗೆ ಮರವೇ ಇರಲಿಲ್ಲ, ಬರೀ ಮಣ್ಣಿತ್ತು.

"ಇದು ಅನಧಿಕೃತ!" ಗೆದ್ದಲು ಕಿರುಚಿತು. "ನಿನಗೆ ಜನ್ಮದಲ್ಲಿ ಮಾನ್ಯತೆ ಸಿಗುವುದಿಲ್ಲ!"

"ಬೇಡ," ಎಂದು ಮರಕುಟಿಗ ಗೆದ್ದಲನ್ನು ನುಂಗಿದ. ಆಮೇಲೆ ಪಕ್ಕದ ಮರಕ್ಕೆ ಹಾರಿ ನಾಲ್ಕು ಸಲ ಕುಟ್ಟಿದ. "ಇಲ್ಲಿ ಇಡು, ತಂಗಿ."

ಅವನಿಗೆ ಇವತ್ತಿಗೂ ಮಾನ್ಯತೆ ಸಿಕ್ಕಿಲ್ಲ. ಗೊರವಂಕದ ಮರಿಗಳು ಆ ಮರದಿಂದಲೇ ಹಾರಲು ಕಲಿತವು.